‘ನೈಸ್’ ಎಂದರೆ ನಿಜವಾಗಿ ಏನು? ನಾಲ್ಕಕ್ಷರದ ಇಂಗ್ಲಿಷ್ ಪದವೊಂದು ನನ್ನ ಮಾನ ಕಳೆದಿದೆ

ಅಲ್ಪವಿರಾಮ
19ನೇ ಶತಮಾನದ ಆರಂಭದ ಕೆಲವು ಇಂಗ್ಲಿಷ್ ಪತ್ರಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬರೆದಾಕೆ ಯಾವ ಪ್ರಸಿದ್ಧ ವ್ಯಕ್ತಿಯೂ ಅಲ್ಲ, ತಂಗಿಗೆ ಮನೆಯ ಸುದ್ದಿ ತಿಳಿಸುವ ಒಬ್ಬ ಅಕ್ಕ. ಒಂದು ಕಡೆ ಆಕೆ, ಸುಮ್ಮನಿರುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ‘ಎ ನೈಸ್ ಡಿಸ್ಟಿಂಕ್ಷನ್’ ಇದೆ ಎಂದು ಬರೆಯುತ್ತಾಳೆ. ನಾನು ಹೆಚ್ಚು ಯೋಚಿಸದೆ ‘ಚೆಂದದ ವ್ಯತ್ಯಾಸವಿದೆ’ ಎಂದು ಬರೆದು ಕಳಿಸಿದೆ. ಸಂಪಾದಕರು ಆ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಸಾಲದೆಂಬಂತೆ ಅದರ ಕೆಳಗೆ ಇನ್ನೆರಡನ್ನು ಹಾಕಿ ಹಿಂದಕ್ಕೆ ಕಳಿಸಿದ್ದಾರೆ.

‘ನೈಸ್’ ಎಂದರೆ ಚೆಂದ, ಒಳ್ಳೆಯದು, ಹಿತವಾದದ್ದು. ಒಂದನೇ ತರಗತಿಯ ಮಗುವಿಗೂ ಗೊತ್ತಿರುವ ಪದ. ನಾನು ಮಾಡಿದ ತಪ್ಪೇನು?

ಸುಮ್ಮನೆ ಓದುವವ
ಮೂರು ಪ್ರಶ್ನಾರ್ಥಕ ಚಿಹ್ನೆ ಎಂದರೆ ಸಂಪಾದಕರು ಇನ್ನೂ ಸಮಾಧಾನದಲ್ಲಿದ್ದಾರೆ ಎಂದರ್ಥ. ನನಗೆ ಒಮ್ಮೆ ಇಡೀ ಹಾಳೆಯೇ ಅಡ್ಡಗೀಟು ಹೊತ್ತು ಬಂದಿತ್ತು.

ಕರಡುತಿದ್ದುಗ
ಅಲ್ಲಿ ‘ನೈಸ್’ ಎಂದರೆ ಚೆಂದವಲ್ಲ, ಸೂಕ್ಷ್ಮ. ಕೂದಲು ಸೀಳಿದಷ್ಟು ಸಣ್ಣ ವ್ಯತ್ಯಾಸ. ‘ಸೂಕ್ಷ್ಮ ವ್ಯತ್ಯಾಸ’ ಎಂದು ಬರೆಯಿರಿ, ಸಂಪಾದಕರು ತಣ್ಣಗಾಗುತ್ತಾರೆ. ಇಂಗ್ಲಿಷಿನಲ್ಲಿ ಈಗಲೂ ‘ನೈಸ್ ಪಾಯಿಂಟ್ ಆಫ್ ಲಾ’ ಎನ್ನುತ್ತಾರಲ್ಲ, ಅದು ಸುಂದರವಾದ ಕಾನೂನು ಅಂಶವಲ್ಲ, ಬಿಡಿಸಲು ನಾಜೂಕು ಬೇಕಾದ ಅಂಶ. ಆ ಪದದ ಮೂಲ ಅರ್ಥ ಇದೇ. ಈಗಿನವರು ಅದನ್ನು ಹವಾಮಾನಕ್ಕೂ ಅಂಗಿಗೂ ಮದುವೆ ಫೋಟೋಕ್ಕೂ ಒಂದೇ ಸಮನೆ ಹಚ್ಚಿ ಸವೆಸಿಬಿಟ್ಟಿದ್ದಾರೆ.

ತಕರಾರು
‘ಮೂಲ ಅರ್ಥ’ ಎಂದಿರಲ್ಲ, ಅಲ್ಲಿ ನನ್ನ ತಕರಾರು ಇದೆ. ಬೇರುಹುಡುಕ ಅವರು ಬರಲಿ, ಆಮೇಲೆ ಮಾತನಾಡುತ್ತೇನೆ.

ಬೇರುಹುಡುಕ
ಕರೆದಿರಿ, ಬಂದೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿರಲಿ.

ಈ ಪದದ ಬೇರು ಲ್ಯಾಟಿನ್ನಿನ ‘ನೆಸ್ಕಿಯುಸ್’. ‘ನೆ’ ಎಂದರೆ ಇಲ್ಲ, ‘ಸ್ಕೀರೆ’ ಎಂದರೆ ತಿಳಿಯುವುದು. ಎರಡೂ ಕೂಡಿದರೆ ಏನೂ ತಿಳಿಯದವನು, ಅಜ್ಞಾನಿ. ‘ಸೈನ್ಸ್’ ಪದದ ಬೇರೂ ಇದೇ ‘ಸ್ಕೀರೆ’, ಆತ್ಮಸಾಕ್ಷಿ ಎನ್ನುವ ‘ಕಾನ್ಷಿಯನ್ಸ್’ ಪದದ್ದೂ ಅದೇ. ಅಂದರೆ ‘ಸೈನ್ಸ್’ ಮತ್ತು ‘ನೈಸ್’ ಒಂದೇ ಮನೆಯ ಮಕ್ಕಳು: ಒಬ್ಬ ಓದಿದವನು, ಇನ್ನೊಬ್ಬ ಶಾಲೆಯ ಮೆಟ್ಟಿಲು ಹತ್ತದವನು. ಹಳೆಯ ಫ್ರೆಂಚಿನಲ್ಲಿ ಇದು ಪೆದ್ದ, ದಡ್ಡ ಎಂಬ ಅರ್ಥಕ್ಕೆ ಬಂತು. 1300ರ ಆಸುಪಾಸಿನಲ್ಲಿ ಇಂಗ್ಲಿಷಿಗೆ ಕಾಲಿಟ್ಟಾಗಲೂ ಅದೇ ಅರ್ಥ. 14ನೇ ಶತಮಾನದ ಚಾಸರ್ ಕವಿಯ ಸಾಲುಗಳಲ್ಲಿ ಯಾರನ್ನಾದರೂ ‘ನೈಸ್’ ಎಂದಿದ್ದರೆ ಅದು ಹೊಗಳಿಕೆಯಲ್ಲ, ಬೈಗುಳ.

ಆಮೇಲಿನ ಪಯಣ ವಿಚಿತ್ರ. ಪೆದ್ದನಿಂದ ಲಂಗುಲಗಾಮಿಲ್ಲದವನು, ಅಲ್ಲಿಂದ ಅತಿಯಾಗಿ ಸಿಂಗರಿಸಿಕೊಳ್ಳುವವನು, ಅಲ್ಲಿಂದ ನಾಚುವವನು, ಹಿಂಜರಿಯುವವನು, ಯಾವುದೂ ರುಚಿಸದ ಚಿಕಿತ್ಸಕ ಬುದ್ಧಿಯವನು. ಪ್ರತಿಯೊಂದರಲ್ಲೂ ತಪ್ಪು ಹುಡುಕುವವನಿಗೆ ಸೂಕ್ಷ್ಮ ದೃಷ್ಟಿ ಇರಲೇಬೇಕಲ್ಲ, ಹಾಗಾಗಿ 16ನೇ ಶತಮಾನದ ಹೊತ್ತಿಗೆ ನಿಖರ, ಸೂಕ್ಷ್ಮ ಎಂಬ ಅರ್ಥವೂ ಬಂತು. ಕರಡುತಿದ್ದುಗ ಅವರು ‘ಮೂಲ’ ಎಂದು ಹೇಳುತ್ತಿರುವುದು ಇದನ್ನು. 18ನೇ ಶತಮಾನದ ಉತ್ತರಾರ್ಧದಲ್ಲಿ ಹಿತಕರ ಎಂಬ ಅರ್ಥ ಬಳಕೆಗೆ ಬಿದ್ದಿತು, ಮುಂದೆ ದಯೆಯುಳ್ಳವನು ಎಂಬುದೂ ಸೇರಿಕೊಂಡಿತು. ಈ ಹಂತಗಳು ಗೆರೆ ಎಳೆದಂತೆ ಒಂದರ ಹಿಂದೆ ಒಂದು ಬರಲಿಲ್ಲ. ಒಂದೇ ಕಾಲದಲ್ಲಿ ನಾಲ್ಕೈದು ಅರ್ಥಗಳು ಒಂದೇ ಪದದೊಳಗೆ ಗುದ್ದಾಡುತ್ತಿದ್ದವು.

ತಕರಾರು
ಕರಡುತಿದ್ದುಗರೇ, ಮೂಲಾರ್ಥವನ್ನು ಗೌರವಿಸಬೇಕೆಂದಿದ್ದರೆ ಇನ್ನು ಮುಂದೆ ಯಾರಾದರೂ ನಿಮ್ಮನ್ನು ‘ನೈಸ್’ ಎಂದಾಗ ಜಗಳಕ್ಕೆ ಇಳಿಯಬೇಕು.

ಕರಡುತಿದ್ದುಗ
ಲ್ಯಾಟಿನ್ ಗೊತ್ತಿಲ್ಲದವನು ನಾನು, ಒಪ್ಪಿಕೊಂಡೆ. ಆದರೆ ‘ಸೂಕ್ಷ್ಮ’ ಎಂಬುದು ಬಾಳಿ ಬದುಕಿದ ಅರ್ಥ. 1755ರ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟನ್ನು ತೆರೆದು ನೋಡಿ, ಕೂದಲೆಳೆಯಷ್ಟು ನಿಖರತೆಯೇ ಅಲ್ಲಿ ಮೊದಲ ಅರ್ಥ.

ತಕರಾರು
ಅದೇ ಅರ್ಥ ವಿವರಣೆಯಲ್ಲಿ ‘ಅಗತ್ಯಕ್ಕಿಂತ ಹೆಚ್ಚು ನಿಖರ’ ಎಂದೂ ಇದೆ. ಬಿಟ್ಟುಬಿಟ್ಟಿರಿ.

ಪೇಟೆಬೀದಿ
ನಾನು ಇಷ್ಟು ದಿನ ಇದು ಫ್ರಾನ್ಸಿನ ಕಡಲ ತೀರದ ಊರಿನಿಂದ ಬಂದಿದೆ ಎಂದುಕೊಂಡಿದ್ದೆ. ಅಕ್ಷರಗಳು ಅವೇ ಅಲ್ಲವೇ? ಊರು ಅಷ್ಟು ಚೆಂದವಿದೆ, ಹಾಗಾಗಿ ಚೆಂದದ್ದಕ್ಕೆಲ್ಲ ಆ ಹೆಸರು.

ಬೇರುಹುಡುಕ
ಬರವಣಿಗೆ ಒಂದೇ, ರಕ್ತಸಂಬಂಧವಿಲ್ಲ. ಊರಿನ ಉಚ್ಚಾರ ‘ನೀಸ್’. ಅದು ಗ್ರೀಕರು ಕಟ್ಟಿದ ‘ನಿಕಾಯಾ’, ವಿಜಯದ ದೇವತೆ ‘ನೀಕೆ’ಯ ಹೆಸರಿನದು. ಬೂಟು ಮಾರುವ ಕಂಪನಿ ‘ನೈಕಿ’ ಆ ಊರಿಗೆ ನೆಂಟ, ‘ನೈಸ್’ ಪದವಲ್ಲ.

ಉಳಿಮಗ
ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ. ಆದರೆ ಕನ್ನಡದ ‘ನೈಸ್’ ಬಗ್ಗೆ ಒಂದು ಮಾತು ಹೇಳುತ್ತೇನೆ.

ನಮ್ಮ ತಂದೆ ಬಡಗಿ. ಬಾಗಿಲಿಗೆ ಮರಳು ಕಾಗದ ಉಜ್ಜುವುದು ನನ್ನ ಕೆಲಸ. ಮೊದಲು ಒರಟು ಕಾಗದ, ಆಮೇಲೆ ಸಣ್ಣದು, ಕೊನೆಗೆ ಇನ್ನೂ ಸಣ್ಣದು. ಪ್ರತಿ ಸುತ್ತು ಮುಗಿದಾಗ ಅವರು ಕಣ್ಣು ಮುಚ್ಚಿ ಹಲಗೆಯ ಮೇಲೆ ಬೆರಳಿನ ಹಿಂಭಾಗವನ್ನು ಓಡಿಸುತ್ತಿದ್ದರು. ಬೆರಳ ತುದಿ ಕೆಲಸ ಮಾಡಿ ದಪ್ಪವಾಗಿರುತ್ತದೆ, ಅದಕ್ಕೆ ತಿಳಿಯುವುದಿಲ್ಲ, ಹಿಂಭಾಗಕ್ಕೆ ತಿಳಿಯುತ್ತದೆ. ‘ಇನ್ನೂ ನೈಸ್ ಆಗಿಲ್ಲ’ ಎಂದರೆ ನನಗೆ ಇನ್ನೊಂದು ಗಂಟೆ. ಅವರಿಗೆ ಚೆಂದ ಎಂಬುದು ಬೇರೆ ಮಾತು, ನೈಸ್ ಬೇರೆ ಮಾತು. ಚೆಂದ ಕಣ್ಣಿಗೆ, ನೈಸ್ ಚರ್ಮಕ್ಕೆ. ಕರಡುತಿದ್ದುಗ ಅವರು ಹೇಳಿದ ‘ಸೂಕ್ಷ್ಮ’ ನಮ್ಮ ಬಡಗಿಗಳ ಬಾಯಲ್ಲಿ ಇನ್ನೂ ಇದೆ ಎಂದು ನನಗೆ ಈಗ ಹೊಳೆಯಿತು.

ಅಲ್ಪವಿರಾಮ
ಬೆರಳಿನ ಹಿಂಭಾಗ! ಇದನ್ನು ಎಲ್ಲಾದರೂ ಕದಿಯುತ್ತೇನೆ, ಮೊದಲೇ ಹೇಳಿಬಿಡುತ್ತೇನೆ.

ನಿವೃತ್ತ ಶಿಕ್ಷಕಿ
ಉಳಿಮಗ ಹೇಳಿದ್ದು ಸರಿ, ಅದಕ್ಕೆ ಇನ್ನೊಂದು ಮುಖವೂ ಇದೆ. ‘ನೈಸಾಗಿ ಮಾತನಾಡಿ ಸಹಿ ಹಾಕಿಸಿಕೊಂಡ’, ‘ನೈಸಾಗಿ ಜಾರಿಕೊಂಡ’ ಎನ್ನುತ್ತೇವೆ. ‘ಅವನನ್ನು ನೈಸ್ ಮಾಡುವುದು ಹೇಗೆಂದು ಇವಳಿಗೆ ಗೊತ್ತು’ ಎಂದರೆ ಪುಸಲಾಯಿಸುವುದು. ಇಂಗ್ಲಿಷರ ‘ನೈಸ್’ ಮನುಷ್ಯ ನಂಬಿಕಸ್ಥ, ನಮ್ಮ ‘ನೈಸ್’ ಮನುಷ್ಯನ ಎದುರು ಜೇಬಿನ ಮೇಲೆ ಕೈಯಿಟ್ಟುಕೊಳ್ಳಬೇಕು. ನನಗೆ ಅನ್ನಿಸುವುದು, ಈ ಎರವಲು ಪದ ಇಲ್ಲಿ ಇಳಿದಾಗ ನಮ್ಮದೇ ‘ನಯ’ದ ಪಕ್ಕ ಕುಳಿತು ಅದರ ಗುಣವನ್ನು ಹೀರಿಕೊಂಡಿದೆ. ನಯವಾದ ಹಲಗೆಯೂ ಇದೆ, ನಯವಂಚಕನೂ ಇದ್ದಾನೆ.

ಕರಡುತಿದ್ದುಗ
ಹಾಗಾದರೆ ‘ನಯ’ವೇ ಇಂಗ್ಲಿಷಿಗೆ ಹೋಗಿ ‘ನೈಸ್’ ಆಯಿತು ಎಂದು ಯಾರಾದರೂ ಹೇಳುವ ಮೊದಲು ಹೇಳುತ್ತೇನೆ: ಇಲ್ಲ.

ಪೇಟೆಬೀದಿ
ಟೈಪ್ ಮಾಡುತ್ತಿದ್ದೆ. ಅಳಿಸಿದೆ.

ರಾತ್ರಿಪಾಳಿ
ವಿಷಯಾಂತರಕ್ಕೆ ಕ್ಷಮೆಯಿರಲಿ. ಕಂಪ್ಯೂಟರಿನಲ್ಲೂ ‘ನೈಸ್’ ಇದೆ. ಕಂಪ್ಯೂಟರನ್ನು ನಡೆಸುವ ತಂತ್ರಾಂಶವಾದ ಲಿನಕ್ಸ್‌ನಲ್ಲಿ ಪ್ರತಿ ಕೆಲಸಕ್ಕೂ ಒಂದು ‘ನೈಸ್’ ಅಂಕಿ ಇರುತ್ತದೆ, −20ರಿಂದ 19ರವರೆಗೆ. ನೌಕರಿಗೆ ಸೇರಿದ ಹೊಸದರಲ್ಲಿ ಒಂದು ದೊಡ್ಡ ಲೆಕ್ಕ ರಾತ್ರಿಯೊಳಗೆ ಮುಗಿಯಬೇಕಿತ್ತು. ಹೆಚ್ಚು ಅಂಕಿ ಕೊಟ್ಟರೆ ಹೆಚ್ಚು ಮರ್ಯಾದೆ ಸಿಗುತ್ತದೆ ಎಂದು ನಂಬಿ 19 ಕೊಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಲೆಕ್ಕ ಅರ್ಧಕ್ಕೂ ಬಂದಿಲ್ಲ. ಅಂಕಿ ಏರಿದಷ್ಟೂ ಆ ಕೆಲಸ ‘ಸಜ್ಜನ’ವಾಗುತ್ತದೆಯಂತೆ, ‘ನೀವು ಮೊದಲು ಹೋಗಿ’ ಎಂದು ಎಲ್ಲರಿಗೂ ದಾರಿ ಬಿಟ್ಟು ಕೊನೆಯಲ್ಲಿ ನಿಲ್ಲುತ್ತದೆಯಂತೆ. ಮೈನಸ್ ಅಂಕಿ ಕೊಟ್ಟರೆ ಮುನ್ನುಗ್ಗುತ್ತದೆ, ಆದರೆ ಆ ಅಧಿಕಾರ ಸಾಮಾನ್ಯ ಬಳಕೆದಾರನಿಗೆ ಇಲ್ಲ.

ತಕರಾರು
ಸಜ್ಜನನಾದವನು ಸಾಲಿನ ಕೊನೆಯಲ್ಲಿ ನಿಂತ, ಅಲ್ಲಿಗೆ ಪದ ಮತ್ತೆ ಪೆದ್ದನಲ್ಲಿಗೇ ಬಂದು ನಿಂತಿತು.

ಸುಮ್ಮನೆ ಓದುವವ
ಈ ಚರ್ಚೆಯಲ್ಲಿ ಕಲಿತದ್ದು ಇದೊಂದೇ ಆದರೂ ಸಾಕು. ನಾಳೆ ಕಚೇರಿಯಲ್ಲಿ −20.

ನಿವೃತ್ತ ಶಿಕ್ಷಕಿ
ಈ ಪದವನ್ನು ನಾನು ಮೂವತ್ತು ವರ್ಷ ದ್ವೇಷಿಸಿದವಳು, ಹಾಗಾಗಿ ತಪ್ಪೊಪ್ಪಿಗೆಯೂ ಆಗಿಬಿಡಲಿ. ಇಂಗ್ಲಿಷ್ ಪ್ರಬಂಧದಲ್ಲಿ ‘ನೈಸ್’ ಬರೆಯಬಾರದು ಎಂದು ತರಗತಿಯಲ್ಲಿ ಕಟ್ಟಪ್ಪಣೆ ಮಾಡಿದ್ದೆ. ಒಬ್ಬ ಹುಡುಗನ ಒಂದು ಪುಟದಲ್ಲಿ ಹನ್ನೊಂದು ‘ನೈಸ್’ಗಳಿದ್ದವು. ಹನ್ನೊಂದಕ್ಕೂ ಸುತ್ತು ಹಾಕಿ ಮರಳಿಸಿದೆ. ಮುಂದಿನ ವಾರ ಅದೇ ಪ್ರಬಂಧ ತಿದ್ದಿಕೊಂಡು ಬಂದ. ಹನ್ನೊಂದು ಕಡೆಯೂ ‘ಬ್ಯೂಟಿಫುಲ್’. ಬ್ಯೂಟಿಫುಲ್ ಮಾವ, ಬ್ಯೂಟಿಫುಲ್ ಸೈಕಲ್, ಬ್ಯೂಟಿಫುಲ್ ನಿದ್ದೆ. ಪದವನ್ನು ನಿಷೇಧಿಸಿದರೆ ಸೋಮಾರಿತನ ಪಕ್ಕದ ಪದಕ್ಕೆ ವರ್ಗವಾಗುತ್ತದೆ ಎಂದು ಅಂದು ತಿಳಿಯಿತು. ಅವನ ಮಾವನಿಗೆ ‘ನೈಸ್’ ಸರಿಯಾಗಿಯೇ ಇತ್ತು.

ಕರಡುತಿದ್ದುಗ
ಮೇಡಂ, ನಿಮ್ಮ ಮೊದಲಿನ ನಿಲುವೇ ಸರಿ. ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ತಮ್ಮ ಕಾಲದಲ್ಲೇ ಇದನ್ನು ಗೇಲಿ ಮಾಡಿದ್ದಾರೆ. 1817ರ ಕೊನೆಗೆ ಪ್ರಕಟವಾದ ಅವರ ‘ನಾರ್ಥ್ಯಾಂಗರ್ ಅಬ್ಬೆ’ಯಲ್ಲಿ ನಾಯಕಿ ಒಂದು ಪುಸ್ತಕವನ್ನು ‘ನೈಸ್’ ಎಂದದ್ದೇ ತಡ, ನಾಯಕ ಹೆನ್ರಿ ಟಿಲ್ನಿ ಹಿಡಿದುಕೊಳ್ಳುತ್ತಾನೆ: ದಿನವೂ ನೈಸ್, ನಮ್ಮ ನಡಿಗೆಯೂ ನೈಸ್, ನೀವಿಬ್ಬರು ಹೆಣ್ಣುಮಕ್ಕಳೂ ನೈಸ್, ಎಲ್ಲದಕ್ಕೂ ಒದಗುವ ಪದ ಎಂದು ಚುಚ್ಚುತ್ತಾನೆ. ಇನ್ನೂರು ವರ್ಷದ ಹಿಂದಿನ ಬುದ್ಧಿವಂತನಿಗೂ ನನಗೂ ಒಂದೇ ದೂರು.

ಬೇರುಹುಡುಕ
ಆ ಸನ್ನಿವೇಶದ ತಮಾಷೆ ಅಲ್ಲಿಗೆ ಮುಗಿಯುವುದಿಲ್ಲ. ಮೊದಮೊದಲು ಈ ಪದ ಅಚ್ಚುಕಟ್ಟು, ಔಚಿತ್ಯ, ನಾಜೂಕುಗಳಿಗೆ ಮಾತ್ರ ಇದ್ದಿರಬೇಕು ಎಂದು ಹೆನ್ರಿ ಪಾಠ ಹೇಳುತ್ತಾನೆ. ಆದರೆ ಅವನಿಗೆ ಐನೂರು ವರ್ಷ ಹಿಂದೆ ಅದು ಪೆದ್ದ ಎಂದಾಗಿತ್ತು. ಅವನೂ ತನಗೆ ಬೇಕಾದ ಶತಮಾನದಲ್ಲಿ ಬಂಡಿ ನಿಲ್ಲಿಸಿದ. ಇನ್ನೊಂದು, ಅವನ ತಂಗಿಯೇ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ: ನಿನ್ನಲ್ಲಿ ವಿವೇಕಕ್ಕಿಂತ ‘ನೈಸ್’ತನವೇ ಹೆಚ್ಚು ಎನ್ನುತ್ತಾಳೆ. ಅಂದರೆ ಅತಿ ಚಿಕಿತ್ಸಕ. ಒಂದೇ ಪುಟದಲ್ಲಿ ಹೊಸ ಅರ್ಥಕ್ಕೂ ಹಳೆಯ ಅರ್ಥಕ್ಕೂ ಕುಸ್ತಿ.

ತಕರಾರು
ಇದನ್ನೇ ನಾನು ಹೇಳಬೇಕೆಂದಿದ್ದದ್ದು. ಮೂಲಾರ್ಥ, ಮೂಲಾರ್ಥ ಎನ್ನುವ ಪ್ರತಿಯೊಬ್ಬರೂ ತಮಗೆ ಇಷ್ಟವಾದ ನಿಲ್ದಾಣದಲ್ಲಿ ಇಳಿದು, ರೈಲು ಹೊರಟದ್ದೇ ಇಲ್ಲಿಂದ ಎಂದು ವಾದಿಸುತ್ತಾರೆ.

ಹಳಗನ್ನಡದ ಹುಳು
ಇಂಗ್ಲಿಷಿನವರನ್ನು ನೋಡಿ ನಗುವ ಮೊದಲು ನಮ್ಮ ‘ಮುಗ್ಧ’ವನ್ನು ನೋಡಿಕೊಳ್ಳೋಣ. ಸಂಸ್ಕೃತದ ‘ಮುಹ್’ ಧಾತು, ಎಂದರೆ ದಿಕ್ಕುಗೆಡುವುದು, ಮಂಕಾಗುವುದು. ಅದರಿಂದ ಬಂದ ಅವಳಿಗಳು ಮುಗ್ಧ ಮತ್ತು ಮೂಢ. ಮೋಹವೂ ಅದೇ ಧಾತುವಿನದು. ಹುಟ್ಟಿದಾಗ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ, ಬುದ್ಧಿ ಮಂಕಾದವನು. ಆಮೇಲೆ ಮೂಢ ಮೂಢನಾಗಿಯೇ ಉಳಿದ, ಮುಗ್ಧ ಮಾತ್ರ ಏನೂ ಅರಿಯದವನು, ಎಳೆಯ, ಕಪಟವಿಲ್ಲದವನು ಎಂದಾಗುತ್ತ ಕೊನೆಗೆ ಮನೋಹರ ಎಂಬಲ್ಲಿಗೆ ಏರಿದ. ಕಾವ್ಯಶಾಸ್ತ್ರದವರು ನಾಯಿಕೆಯರನ್ನು ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂದು ವಿಂಗಡಿಸುವಾಗ ಮುಗ್ಧೆಯನ್ನು ದಡ್ಡಿ ಎನ್ನುತ್ತಿಲ್ಲ, ಪ್ರೇಮಕ್ಕೆ ಹೊಸಬಳು ಎನ್ನುತ್ತಿದ್ದಾರೆ. ನಮ್ಮಲ್ಲಿ ತದ್ಭವವಾಗಿ ‘ಮುಗುದ’ನೂ ಆದ. ಏನೂ ತಿಳಿಯದವನು ಚೆಂದದವನಾಗುವ ದಾರಿಯನ್ನು ‘ನೈಸ್’ ಒಂದೇ ತುಳಿದದ್ದಲ್ಲ.

ಪೇಟೆಬೀದಿ
‘ಮುದ್ದು’ ಕೂಡ ‘ಮುಗ್ಧ’ದಿಂದಲೇ ಬಂದಿರಬೇಕು! ಈ ಸಲ ಅಳಿಸುವುದಿಲ್ಲ.

ಹಳಗನ್ನಡದ ಹುಳು
ಅಳಿಸಬಹುದಿತ್ತು. ಮುದ್ದು ದ್ರಾವಿಡದ್ದು, ತೆಲುಗಿನಲ್ಲೂ ಮುದ್ದೇ. ಸಂಸ್ಕೃತದ ಸಾಲ ಬೇಕಿಲ್ಲ.

ಬೇರುಹುಡುಕ
ಕೆಳಗೆ ಇಳಿದ ಪದಗಳೂ ಇವೆ. ಇಂಗ್ಲಿಷಿನ ‘ಸಿಲ್ಲಿ’ ಹಿಂದೆ ಸುಖಿ, ಧನ್ಯ ಎಂಬ ಅರ್ಥದ ಪದ. ಅದರ ಜರ್ಮನ್ ನೆಂಟ ‘ಸೇಲಿಗ್’ ಇಂದಿಗೂ ಧನ್ಯನೇ. ಇಂಗ್ಲಿಷಿನದು ಧನ್ಯನಿಂದ ಪುಣ್ಯವಂತ, ನಿರಪರಾಧಿ, ಪಾಪದವನು, ದುರ್ಬಲ ಎಂದು ಮೆಟ್ಟಿಲಿಳಿದು ಪೆದ್ದನಾಯಿತು. ‘ನೈಸ್’ ಪೆದ್ದನಿಂದ ಮೇಲೆ ಹತ್ತಿತು, ‘ಸಿಲ್ಲಿ’ ಮೇಲಿನಿಂದ ಪೆದ್ದನಿಗೆ ಇಳಿಯಿತು. ನಡುವೆ ಎಲ್ಲೋ ಮೆಟ್ಟಿಲಲ್ಲಿ ಇಬ್ಬರೂ ಮುಖಾಮುಖಿಯಾಗಿರಬೇಕು.

ಹಳಗನ್ನಡದ ಹುಳು
ಅದಕ್ಕೂ ನಮ್ಮಲ್ಲಿ ಜೋಡಿ ಇದೆ. ಅಶೋಕ ಶಾಸನಗಳಲ್ಲಿ ತನ್ನನ್ನು ‘ದೇವಾನಾಂಪ್ರಿಯ’, ದೇವತೆಗಳಿಗೆ ಪ್ರಿಯನಾದವನು ಎಂದು ಕರೆದುಕೊಂಡ. ಮುಂದೆ ಸಂಸ್ಕೃತ ವೈಯಾಕರಣರು ಅದೇ ಪದಕ್ಕೆ ‘ಮೂರ್ಖ’ ಎಂದು ಅರ್ಥ ಬರೆದರು. ಚಕ್ರವರ್ತಿಯ ಬಿರುದಿಗೇ ಈ ಗತಿ.

ಉಳಿಮಗ
ಕನ್ನಡದಲ್ಲಿ ಪಾಪ ಎಂದರೆ ಮೊದಲು ಕೆಟ್ಟ ಕೆಲಸ. ಈಗ ‘ಪಾಪ, ಒಳ್ಳೆಯ ಮನುಷ್ಯ’ ಎನ್ನುತ್ತೇವೆ. ಇದೂ ಅದೇ ಜಾತಿಯದ್ದೇ?

ಹಳಗನ್ನಡದ ಹುಳು
ಅದೇ ಜಾತಿ. ‘ಪಾಪದವನು’ ಎಂದರೆ ಪಾಪ ಮಾಡಿದವನಲ್ಲ, ಪಾಪ ಮಾಡಲು ಬಾರದವನು!

ರಾತ್ರಿಪಾಳಿ
ನನಗೊಂದು ಪ್ರಾಯೋಗಿಕ ಪ್ರಶ್ನೆ. ‘ಹಿ ಈಸ್ ನೈಸ್’ ಎನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳುವುದು? ‘ಅವನು ಚೆನ್ನಾಗಿದ್ದಾನೆ’ ಎಂದರೆ ಆರೋಗ್ಯವಾಗಿದ್ದಾನೆ ಅಥವಾ ನೋಡಲು ಲಕ್ಷಣವಾಗಿದ್ದಾನೆ ಎಂದಾಗುತ್ತದೆ. ಹೊಸ ಸಹೋದ್ಯೋಗಿಯ ಬಗ್ಗೆ ಮನೆಯಲ್ಲಿ ಹಾಗೆ ಹೇಳಿ ಪೇಚಿಗೆ ಸಿಲುಕಿದ್ದೇನೆ.

ನಿವೃತ್ತ ಶಿಕ್ಷಕಿ
‘ಒಳ್ಳೆಯವನು’ ಎನ್ನಬಹುದು, ಆದರೆ ಅದು ‘ಗುಡ್’. ಇಂಗ್ಲಿಷಿನಲ್ಲಿ ‘ಗುಡ್’ ಮನುಷ್ಯನಾಗಲು ಕಷ್ಟಪಡಬೇಕು, ‘ನೈಸ್’ ಆಗಲು ಮುಗುಳ್ನಕ್ಕು ನಾಲ್ಕು ಸಿಹಿ ಮಾತನಾಡಿದರೆ ಸಾಕು. ಕೆಟ್ಟವನೂ ‘ನೈಸ್’ ಆಗಿರಬಲ್ಲ. ಆ ಮೇಲ್ಪದರದ ಹಿತಕ್ಕೆ ಕನ್ನಡದಲ್ಲಿ ಒಂದೇ ಪದವಿಲ್ಲ. ಮಾತು ಹಿತವಾಗಿದೆ, ಗಾಳಿ ಹಾಯಾಗಿದೆ, ಹಾಡು ಸೊಗಸಾಗಿದೆ, ಮನುಷ್ಯ ಸಂಭಾವಿತ. ಅಂಗಡಿ ಒಂದೇ ಆದರೂ ಸಾಮಾನು ಬೇರೆ ಬೇರೆ ಡಬ್ಬಿಯಲ್ಲಿ.

ಸುಮ್ಮನೆ ಓದುವವ
‘ಸಂಭಾವಿತ’ ಎಂದು ಯಾರನ್ನಾದರೂ ಕರೆದರೆ ನನಗೆ ಆತ ಸಾಕ್ಷಿಕಟ್ಟೆಯಲ್ಲಿ ನಿಂತಂತೆ ಕಾಣುತ್ತದೆ.

ಕರಡುತಿದ್ದುಗ
‘ನೈಸ್ ಅಂಡ್ ವಾರ್ಮ್’, ‘ನೈಸ್ ಅಂಡ್ ಸ್ಲೋ’ ಎನ್ನುವುದನ್ನು ಗಮನಿಸಿ. ಅಲ್ಲಿ ‘ನೈಸ್’ಗೆ ಸ್ವಂತ ಅರ್ಥವೇ ಇಲ್ಲ, ಮುಂದಿನ ಪದಕ್ಕೆ ಒತ್ತು ಕೊಡುತ್ತದೆ ಅಷ್ಟೆ. ಬೇಕಾದಷ್ಟು ಬೆಚ್ಚಗೆ, ಹದವಾಗಿ ನಿಧಾನ. ಸವೆದ ಪದದ ಲಕ್ಷಣ ಇದು ಎನ್ನುತ್ತೇನೆ.

ತಕರಾರು
‘ಚೆನ್ನಾಗಿ ಬೈದರು’, ‘ಚೆನ್ನಾಗಿ ಏಟು ತಿಂದ’ ಎನ್ನುವಾಗ ಚೆನ್ನು ಎಲ್ಲಿದೆ? ‘ಭಯಂಕರ ಖುಷಿಯಾಯಿತು’ ಎನ್ನುವಾಗ ಯಾರು ಹೆದರಿದರು? ಇದು ಸವೆತವಲ್ಲ ಸ್ವಾಮಿ, ಪದ ಇನ್ನೊಂದು ಕೆಲಸ ಕಲಿತಿದೆ.

ಕರಡುತಿದ್ದುಗ
‘ಭಯಂಕರ ಖುಷಿ’ಯನ್ನೂ ನಾನು ತಿದ್ದುತ್ತೇನೆ.

ಅಲ್ಪವಿರಾಮ
ಎಲ್ಲರಿಗೂ ಧನ್ಯವಾದ. ‘ಸೂಕ್ಷ್ಮ ವ್ಯತ್ಯಾಸ’ ಎಂದು ತಿದ್ದಿದೆ. ಆದರೆ ಈ ಮಾತುಕತೆ ಓದಿದ ಮೇಲೆ ಪತ್ರಗಳಲ್ಲಿ ‘ನೈಸ್’ ಬಂದ ಕಡೆಯೆಲ್ಲ ಮತ್ತೆ ಹೋಗಿ ನೋಡಬೇಕಾಯಿತು. ಹವೆಯ ಬಗ್ಗೆ ಒಂದು ಸಲ, ಮಗುವಿನ ಟೊಪ್ಪಿಗೆಯ ಬಗ್ಗೆ ಒಂದು ಸಲ ಬರುತ್ತದೆ, ಅವು ಈಗಿನ ಅರ್ಥದವೇ. ಒಂದೇ ಒಂದು ಸಾಲು ಗಂಟಲಲ್ಲಿ ಸಿಕ್ಕಿಕೊಂಡಿದೆ: ಅತ್ತಿಗೆ ಆ ಸಮಜಾಯಿಷಿಯನ್ನು ಒಪ್ಪಲು ‘ಟೂ ನೈಸ್’ ಆಗಿದ್ದಳು. ‘ತೀರಾ ಒಳ್ಳೆಯವಳು’ ಎಂದು ಬರೆದಿದ್ದೆ. ಈಗ ಸಂಶಯ.

ಬೇರುಹುಡುಕ
ಒಳ್ಳೆಯವಳಾಗಿದ್ದರೆ ಸಮಜಾಯಿಷಿಯನ್ನು ಒಪ್ಪಿಬಿಡುತ್ತಿದ್ದಳಲ್ಲವೇ? ಇಂಗ್ಲಿಷಿನಲ್ಲಿ ಒಪ್ಪಲು ‘ಟೂ ನೈಸ್’ ಎಂದರೆ ಒಪ್ಪಲಿಲ್ಲ ಎಂದೇ, ಅದೇ ಸುಳಿವು. ಹಿಂದಿನ ಸಾಲುಗಳಲ್ಲಿ ಏನಿದೆ?

ಅಲ್ಪವಿರಾಮ
ಕೆಲಸದವಳು ಲೆಕ್ಕ ಒಪ್ಪಿಸುತ್ತಾಳೆ. ಅತ್ತಿಗೆ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರು ಸಲ ಕೂಡಿಸುತ್ತಾಳೆ.

ನಿವೃತ್ತ ಶಿಕ್ಷಕಿ
ಮೂರು ಸಲ! ಹಾಗಾದರೆ ಹೆನ್ರಿಯ ತಂಗಿ ಹೇಳಿದ ‘ನೈಸ್’. ಕೊಂಕು ತೆಗೆಯುವ ಜಾತಿ.

ಕರಡುತಿದ್ದುಗ
‘ಚಿಕಿತ್ಸಕ ಬುದ್ಧಿ’ ಎಂದು ಹಾಕಿ.

ಉಳಿಮಗ
ಮನೆಯವರು ಪತ್ರದಲ್ಲಿ ಹಾಗೆ ಬರೆದುಕೊಳ್ಳುತ್ತಾರೆಯೇ? ನಮ್ಮ ಮನೆಯಲ್ಲಾದರೆ ‘ಅವಳು ಅಷ್ಟು ಸುಲಭಕ್ಕೆ ಒಪ್ಪುವ ಪೈಕಿಯಲ್ಲ’ ಎನ್ನುತ್ತಿದ್ದರು.

ಅಲ್ಪವಿರಾಮ
ಉಳಿಮಗ ಅವರದ್ದನ್ನೇ ಹಾಕಿದೆ. ಇವತ್ತಿಗೆ ಕದ್ದದ್ದು ಎರಡಾಯಿತು.